ಬೇಟೆಯ ಮಾಂಸ ನಾಯಿಗೆ ಹಸಿಯಾಗಿ ಹಾಕಬಹುದೇ? ಎಲ್ಕ್, ಜಿಂಕೆ, ಕರಡಿ – ಫ್ರೀಜರ್‌ನಲ್ಲಿಟ್ಟರೆ ಸಾಕೇ?

ಬೆಳ್ಳಿಮೋಡ (ಪ್ರಶ್ನೆ)

ನಮಸ್ಕಾರ. ನಾವಿರುವುದು ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್‌ನಿಂದ ಸ್ವಲ್ಪ ಪೂರ್ವಕ್ಕೆ. ಪಕ್ಕದ ಮನೆಯವರು ಲೈಸೆನ್ಸ್ ಇಟ್ಟುಕೊಂಡು ಬೇಟೆಗೆ ಹೋಗುವವರು. ಈ ಸಲ ಎಲ್ಕ್ (ಕಡವೆಯಂಥ ದೊಡ್ಡ ಜಿಂಕೆ) ಹೊಡೆದಿದ್ದಾರೆ. ನಾವು ಮಾಂಸ ತಿನ್ನುವುದಿಲ್ಲವೆಂದು ಅವರಿಗೆ ಗೊತ್ತು, ಹಾಗಾಗಿ ನಾಯಿಗೆಂದೇ ಒಂದು ಡಬ್ಬ ತುಂಬಿ ಕೊಟ್ಟಿದ್ದಾರೆ: ಸುಮಾರು 6 ಕೆ.ಜಿ ಚೂರು ಮಾಂಸ, ಲಿವರ್, ಗುಂಡಿಗೆ, ಒಂದು ಶ್ವಾಸಕೋಶ, ಕೆಲವು ಮೂಳೆ. ಮುಂದಿನ ವಾರ ಕರಡಿ ಮಾಂಸವನ್ನೂ ಕೊಡುತ್ತೇವೆ ಎಂದಿದ್ದಾರೆ.

ನಾಯಿ ಲ್ಯಾಬ್ ಮಿಶ್ರತಳಿ, ಮೂರು ವರ್ಷ, 24 ಕೆ.ಜಿ. ಪ್ರತಿ ತಿಂಗಳು ಹೃದಯದ ಹುಳುವಿನ ಮಾತ್ರೆ ಕೊಡುತ್ತೇವೆ (ಐವರ್ಮೆಕ್ಟಿನ್ ಮತ್ತು ಪೈರಾಂಟೆಲ್ ಇರುವುದು). ಮನೆಯಲ್ಲಿ ಐದು ವರ್ಷದ ಮಗು ಇದೆ, ನಾಯಿಯನ್ನು ತಬ್ಬಿಕೊಂಡೇ ಇರುತ್ತದೆ.

ಕೇಳಬೇಕಾದದ್ದು: ಮೂರು ವಾರ ಫ್ರೀಜರ್‌ನಲ್ಲಿಟ್ಟು ಹಸಿಯಾಗಿ ಹಾಕಿದರೆ ಹುಳು ಎಲ್ಲ ಸಾಯುತ್ತವೆಯೇ? ಲಿವರ್, ಶ್ವಾಸಕೋಶ ಹಾಕಬಹುದೇ? ನಿನ್ನೆ ಡಬ್ಬ ತೆರೆಯುವಾಗ ಅಂಗೈ ಅಗಲದ ಶ್ವಾಸಕೋಶದ ತುಂಡನ್ನು ಅದು ಎಳೆದುಕೊಂಡು ನುಂಗಿಬಿಟ್ಟಿತು. ಈಗ ಏನು ಮಾಡಬೇಕು?

---

ಹಸಿಯೂಟ_ಬಳಗ

ಮೇಡಂ, ಗಾಬರಿ ಬೇಡ. ನಾಯಿಯ ಹೊಟ್ಟೆಯ ಆಮ್ಲ ಬಲವಾದದ್ದು, ತೋಳಗಳು ತಿನ್ನುವುದೂ ಇದನ್ನೇ. ಮೈನಸ್ 18ರಲ್ಲಿ 21 ದಿನ ಇಟ್ಟರೆ ಎಲ್ಲ ಪರಾವಲಂಬಿಗಳೂ ಸಾಯುತ್ತವೆ. ಲಿವರ್, ಶ್ವಾಸಕೋಶ ಎರಡೂ ಒಳ್ಳೆಯ ಆಹಾರ. ಬೇಯಿಸಿದರೆ ಸತ್ವ ಹೋಗುತ್ತದೆ.

---

ಪಶುವೈದ್ಯೆ_ಮಂಡ್ಯ

ಮೇಲಿನ ಉತ್ತರವನ್ನು ಹಾಗೇ ಪಾಲಿಸಬೇಡಿ, ಅದರಲ್ಲೂ ಮನೆಯಲ್ಲಿ ಪುಟ್ಟ ಮಗು ಇರುವಾಗ. ತೋಳಗಳು ತಿನ್ನುವುದು ನಿಜ. ಅದಕ್ಕೇ ತೋಳಗಳ ಕರುಳಲ್ಲಿ ಲಾಡಿಹುಳು ತುಂಬಿರುತ್ತದೆ. ನಿಮ್ಮ ಪಕ್ಕದ ಐಡಾಹೊ, ಅದರಾಚೆಯ ಮೊಂಟಾನಾದಲ್ಲಿ 2006ರಿಂದ 2008ರವರೆಗೆ ಪರೀಕ್ಷಿಸಿದ ತೋಳಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಕರುಳಲ್ಲಿ ಎಕೈನೊಕಾಕಸ್ ಎಂಬ ಪುಟ್ಟ ಲಾಡಿಹುಳು ಸಿಕ್ಕಿತು. ಈ ಹುಳುವಿನ ಮರಿಗಳಿಗೆ ಹೊಟ್ಟೆಯ ಆಮ್ಲ ಶತ್ರುವಲ್ಲ. ಆಮ್ಲ, ಪಿತ್ತರಸ ಸೋಕಿದಾಗಲೇ ಅವು ಎಚ್ಚೆತ್ತು ಕರುಳಿನ ಗೋಡೆಗೆ ಕಚ್ಚಿಕೊಳ್ಳುವುದು.

ಮೊದಲು ನಿನ್ನೆ ನುಂಗಿದ ತುಂಡಿನ ವಿಷಯ. ಡಬ್ಬದಲ್ಲಿದ್ದ ಎಲ್ಲದರಲ್ಲೂ ಹೆಚ್ಚು ಅಪಾಯದ ಭಾಗ ಶ್ವಾಸಕೋಶವೇ. ಎಲ್ಕ್, ಮೂಸ್, ಜಿಂಕೆಗಳಲ್ಲಿ ಎಕೈನೊಕಾಕಸ್‌ನ ನೀರುಗುಳ್ಳೆಗಳು ಲಿವರ್‌ಗಿಂತ ಶ್ವಾಸಕೋಶದಲ್ಲೇ ಹೆಚ್ಚು. ಒಂದು ಗುಳ್ಳೆಯೊಳಗೆ ಮರಳಿನ ಕಣದಂತೆ ನೂರಾರು, ಸಾವಿರಾರು ಮರಿತಲೆಗಳಿರುತ್ತವೆ, ಒಂದೊಂದೂ ನಾಯಿಯ ಕರುಳಲ್ಲಿ ಒಂದೊಂದು ಹುಳುವಾಗಬಲ್ಲದು. ಬೆಳೆದ ಹುಳು 3ರಿಂದ 6 ಮಿ.ಮೀ ಅಷ್ಟೇ, ಮೂರು ನಾಲ್ಕು ತುಂಡಿನ ದೇಹ. ಸಾವಿರ ಹುಳು ಇದ್ದರೂ ನಾಯಿ ಗುಂಡುಗಲ್ಲಿನಂತೆ ಓಡಾಡಿಕೊಂಡಿರುತ್ತದೆ, ಭೇದಿಯಿಲ್ಲ, ತೂಕ ಇಳಿಯುವುದಿಲ್ಲ. ಅಪಾಯ ಇರುವುದು ಅದರ ಮಲದಲ್ಲಿ ಬರುವ ಮೊಟ್ಟೆಯಿಂದ ಮನುಷ್ಯರಿಗೆ. ಮೊಟ್ಟೆ ಬಾಲದ ಬುಡದ ಕೂದಲಿಗೆ ಅಂಟುತ್ತದೆ, ನಾಯಿ ನೆಕ್ಕಿಕೊಳ್ಳುತ್ತದೆ, ಮೈಯೆಲ್ಲ ಹರಡುತ್ತದೆ, ಮಗುವಿನ ಕೈಯಿಂದ ಬಾಯಿಗೆ ಹೋಗುತ್ತದೆ. ವರ್ಷಗಳ ಮೇಲೆ ಮಗುವಿನ ಲಿವರ್‌ನಲ್ಲೋ ಶ್ವಾಸಕೋಶದಲ್ಲೋ ನೀರುಗುಳ್ಳೆ ಬೆಳೆದಿರುವುದು ಸ್ಕ್ಯಾನ್‌ನಲ್ಲಿ ಕಾಣುತ್ತದೆ. ಎಲ್ಕ್ ಕಡೆಯಿಂದ ಬರುವ ತಳಿ ಕುರಿಯ ತಳಿಗಿಂತ ಸ್ವಲ್ಪ ಸೌಮ್ಯ, ಆದರೂ ಅದನ್ನು ನೆಚ್ಚಿಕೊಂಡು ಕೂರುವಂತಿಲ್ಲ.

ನಿಮ್ಮ ಕೈಯಲ್ಲಿ ಈಗ ಸಮಯ ಇದೆ. ನುಂಗಿದ ದಿನದಿಂದ ಮೊಟ್ಟೆ ಬರಲು ಸಾಮಾನ್ಯವಾಗಿ ಆರು ವಾರ ಬೇಕು, ಬೇಗ ಎಂದರೂ ನಾಲ್ಕೂವರೆ ವಾರ. ಅದಕ್ಕೆ ಮುಂಚೆ ಲಾಡಿಹುಳುವಿನ ಔಷಧವಾದ ಪ್ರಾಜಿಕ್ವಾಂಟೆಲ್ ಕೊಟ್ಟರೆ ಕಥೆ ಅಲ್ಲಿಗೇ ಮುಗಿಯುತ್ತದೆ. ಪ್ರಮಾಣ ಕೆ.ಜಿಗೆ 5 ಮಿ.ಗ್ರಾಂ, ನಿಮ್ಮ 24 ಕೆ.ಜಿ ನಾಯಿಗೆ 120 ಮಿ.ಗ್ರಾಂ. ವೈದ್ಯರ ಹತ್ತಿರ ಹೋಗಿ "ಎಲ್ಕ್ ಶ್ವಾಸಕೋಶ ಹಸಿಯಾಗಿ ತಿಂದಿದೆ, ಎಕೈನೊಕಾಕಸ್‌ಗೆ ಪ್ರಾಜಿಕ್ವಾಂಟೆಲ್ ಬೇಕು" ಎಂದು ಬಿಡಿಸಿ ಹೇಳಿ. ಬರೀ "ಡೀವರ್ಮಿಂಗ್ ಮಾಡಿ" ಎಂದರೆ ಬೇರೆ ಔಷಧ ಬಂದೀತು. ಮೂರನೇ ವಾರ ಕಳೆದು ನಾಲ್ಕನೇ ವಾರ ತುಂಬುವುದರೊಳಗೆ ಒಂದು ಡೋಸ್ ಬೀಳಬೇಕು. ಈಗಲೇ ಒಂದು ಕೊಟ್ಟು ಆಗ ಇನ್ನೊಂದು ಕೊಟ್ಟರೂ ತೊಂದರೆಯಿಲ್ಲ.

ನೀವು ಕೊಡುತ್ತಿರುವ ತಿಂಗಳ ಮಾತ್ರೆಗೆ ಲಾಡಿಹುಳುವಿನ ಮೇಲೆ ಏನೂ ಶಕ್ತಿಯಿಲ್ಲ. ಪೈರಾಂಟೆಲ್ ಜಂತುಹುಳು, ಕೊಕ್ಕೆಹುಳುವಿಗೆ ಮಾತ್ರ. ಫೆನ್‌ಬೆಂಡಜೋಲ್ ಕೆ.ಜಿಗೆ 50 ಮಿ.ಗ್ರಾಂ ಲೆಕ್ಕದಲ್ಲಿ ಮೂರು ದಿನ ಕೊಟ್ಟರೆ ಟೀನಿಯಾ ಜಾತಿಯ ಲಾಡಿಹುಳು ಹೋಗುತ್ತದೆ, ಎಕೈನೊಕಾಕಸ್ ವಿಷಯದಲ್ಲಿ ಅದನ್ನು ನಂಬುವಂತಿಲ್ಲ. ಜನ ಎಡವುವುದು ಇಲ್ಲೇ: "ಜಂತಿನ ಔಷಧ ಕೊಟ್ಟಿದ್ದೇವೆ" ಎಂಬ ಧೈರ್ಯದಲ್ಲಿರುತ್ತಾರೆ, ಆ ಔಷಧದಲ್ಲಿ ಪ್ರಾಜಿಕ್ವಾಂಟೆಲ್ ಇರುವುದೇ ಇಲ್ಲ. ಪೊಟ್ಟಣದ ಹಿಂದೆ ಓದಿ ನೋಡಿ.

---

ಬೆಳ್ಳಿಮೋಡ

ತುಂಬ ಧನ್ಯವಾದ ಮೇಡಂ. ಮಲ ಪರೀಕ್ಷೆ ಮಾಡಿಸಿ, ಹುಳು ಇದ್ದರೆ ಮಾತ್ರ ಔಷಧ ಕೊಟ್ಟರೆ ಆಗುವುದಿಲ್ಲವೇ? ಶ್ವಾಸಕೋಶದ ಉಳಿದ ಭಾಗ ಇನ್ನೂ ಫ್ರೀಜರ್‌ನಲ್ಲಿದೆ. ನೋಡಿದರೆ ಗುಳ್ಳೆ ಇದೆಯೋ ಇಲ್ಲವೋ ತಿಳಿಯುತ್ತದೆಯೇ?

---

ಲ್ಯಾಬ್_ಕಿಟಕಿ

ಮಲ ಪರೀಕ್ಷೆಯನ್ನು ಕಾಯಬೇಡಿ. ಎರಡು ಕಾರಣ. ಲಾಡಿಹುಳು ದಿನವೂ ಮೊಟ್ಟೆ ಇಡುತ್ತಾ ಹೋಗುವುದಿಲ್ಲ, ಬಾಲದ ತುಂಡು ಕಳಚಿದಾಗ ಮಾತ್ರ ಮಲದಲ್ಲಿ ಸಿಗುತ್ತದೆ. ತೇಲಿಸಿ ನೋಡುವ ಸಾಮಾನ್ಯ ಪರೀಕ್ಷೆಯಲ್ಲಿ ಇದ್ದದ್ದೂ ತಪ್ಪಿಹೋಗುತ್ತದೆ. ಸಿಕ್ಕರೂ ಎಕೈನೊಕಾಕಸ್ ಮೊಟ್ಟೆ, ಟೀನಿಯಾ ಮೊಟ್ಟೆ ಎರಡೂ ಸೂಕ್ಷ್ಮದರ್ಶಕದಲ್ಲಿ ಒಂದೇ ಥರ: ದುಂಡಗೆ, ದಪ್ಪ ಕಂದು ಗೋಡೆ, ಅದರಲ್ಲಿ ಚಕ್ರದ ಅರಗಳಂಥ ಗೆರೆ, ಒಳಗೆ ಆರು ಕೊಕ್ಕೆ. ಬೇರ್ಪಡಿಸಲು ಪಿಸಿಆರ್ ಬೇಕು. ಅದಕ್ಕಿಂತ ಮುಖ್ಯವಾಗಿ, ಮೊಟ್ಟೆ ಕಂಡಿತು ಎಂದರೆ ಅದು ಆಗಲೇ ಮನೆಯಲ್ಲಿ ಉದುರುತ್ತಿದೆ ಎಂದರ್ಥ. ಇಂಥ ಸಂದರ್ಭದಲ್ಲಿ ಪರೀಕ್ಷೆಯಿಲ್ಲದೆ ಔಷಧ ಕೊಡುವುದೇ ಸರಿ.

ಶ್ವಾಸಕೋಶವನ್ನು ನೋಡುವುದಾದರೆ ಕರಗಿಸಿ, ಕೈಗವಸು ಹಾಕಿ, ತಟ್ಟೆಯ ಮೇಲಿಟ್ಟು ಒತ್ತಿ ನೋಡಿ. ಆರೋಗ್ಯವಾದ ಶ್ವಾಸಕೋಶ ಸ್ಪಂಜಿನಂತೆ ಎಲ್ಲೆಡೆ ಮೆತ್ತಗೆ. ಗುಳ್ಳೆ ಇದ್ದರೆ ಗಟ್ಟಿ ಗೋಲಿಯಂತೆ ಕೈಗೆ ಸಿಗುತ್ತದೆ, ಮೇಲ್ಮೈಯಲ್ಲಿದ್ದರೆ ಬೂದುಬಿಳಿ ಉಬ್ಬು, ಒಳಗೆ ತಿಳಿನೀರು. ಬಟಾಣಿ ಕಾಳಿನಿಂದ ನಿಂಬೆಹಣ್ಣಿನವರೆಗೆ ಯಾವ ಗಾತ್ರವೂ ಇರಬಹುದು. ಕತ್ತರಿಸಬೇಡಿ. ಒತ್ತಡದಲ್ಲಿರುವ ನೀರು ಚಿಮ್ಮುತ್ತದೆ. ಏನೂ ಸಿಗಲಿಲ್ಲವೆಂದರೂ ನುಂಗಿದ ತುಂಡಿನಲ್ಲಿ ಇರಲಿಲ್ಲವೆಂದು ಹೇಳಲಾಗದು, ಹಾಗಾಗಿ ಔಷಧದ ನಿರ್ಧಾರ ಬದಲಾಗುವುದಿಲ್ಲ. ನನ್ನನ್ನು ಕೇಳಿದರೆ ನೋಡುವ ಗೋಜೇ ಬೇಡ, ಎರಡು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಹಿತ್ತಲಲ್ಲಿ ಹೂಳಬೇಡಿ, ಕೊಯೊಟೆಯೋ (ನರಿಯಂಥ ಕಾಡುಪ್ರಾಣಿ) ನಿಮ್ಮ ನಾಯಿಯೋ ಕೆದಕಿ ತೆಗೆಯುತ್ತದೆ.

ಲಿವರ್‌ನಲ್ಲಿ, ಕರುಳಿನ ಕೊಬ್ಬಿನ ಪರೆಯಲ್ಲಿ ಇನ್ನೊಂದು ಕಾಣಬಹುದು: ದ್ರಾಕ್ಷಿಯಂಥ ಪಾರದರ್ಶಕ ನೀರಿನ ಚೀಲ, ಒಳಗೆ ಒಂದೇ ಒಂದು ಬಿಳಿ ಚುಕ್ಕೆ. ಅದು ಟೀನಿಯಾ ಹೈಡಾಟಿಜೆನಾದ ಮರಿ. ನಾಯಿಗೆ ಉದ್ದನೆಯ ಲಾಡಿಹುಳು ಆಗುತ್ತದೆ, ಮನುಷ್ಯರಿಗೆ ಅಷ್ಟು ಭಯವಿಲ್ಲ. ಮಾಂಸಖಂಡದೊಳಗೆ ಅಕ್ಕಿಕಾಳಿನಷ್ಟು ಬಿಳಿ ಗುಳ್ಳೆ ಕಂಡರೆ ಟೀನಿಯಾ ಕ್ರಾಬೆ, ಅದೂ ನಾಯಿ ಜಾತಿಗೇ ಸೇರಿದ್ದು. ಮೊಲ ಸಿಕ್ಕರೆ ಲಿವರ್ ಸುತ್ತ ಬಟಾಣಿ ಗೊಂಚಲಿನಂತೆ ಕಾಣುವುದು ಟೀನಿಯಾ ಪಿಸಿಫಾರ್ಮಿಸ್.

ಹೆದರಬೇಕಿಲ್ಲದ ಎರಡನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನೋಡಲು ಇವೇ ಭಯಂಕರ. ಲಿವರ್ ಕೊಯ್ದಾಗ ಹೆಬ್ಬೆರಳಿನಷ್ಟು ಅಗಲದ ಚಪ್ಪಟೆ ಕಂದು ಹುಳು, ಸುತ್ತ ಕಪ್ಪು ಕಲೆ ಕಂಡರೆ ಅದು ಜಿಂಕೆ ಜಾತಿಯ ಲಿವರ್ ಫ್ಲೂಕ್. ಅದನ್ನು ತಿಂದ ಮಾತ್ರಕ್ಕೆ ನಾಯಿಗೆ ಅಂಟುವುದಿಲ್ಲ, ಅದರ ಮರಿ ಬರುವುದು ನೀರಿನ ಬಸವನಹುಳುವಿನ ಮೂಲಕ. ಗಂಟಲಿನ ಹಿಂಭಾಗದಲ್ಲಿ ದಪ್ಪ ಹಳದಿ ಹುಳುಗಳು ಕಂಡರೆ ಅವು ಮೂಗಿನ ನೊಣದ ಮರಿಗಳು, ಅವುಗಳಿಂದಲೂ ನಾಯಿಗೆ ಏನೂ ಆಗದು.

---

ಕಾಡಂಚು

ಫ್ರೀಜರ್ ಬಗ್ಗೆ ನಾನು ಬರೆಯುತ್ತೇನೆ. "ಮೂರು ವಾರ" ಎಂಬ ಮಾತು ಎಲ್ಲಿಂದ ಬಂತೆಂದು ತಿಳಿದರೆ ಅದರ ಮಿತಿಯೂ ತಿಳಿಯುತ್ತದೆ. ಅದು ಸಾಕಿದ ಹಂದಿಯ ಮಾಂಸಕ್ಕೆ ಅಮೆರಿಕದ ಕೃಷಿ ಇಲಾಖೆ ಮಾಡಿದ ಲೆಕ್ಕ: 15 ಸೆಂ.ಮೀಗಿಂತ ತೆಳ್ಳಗಿನ ತುಂಡು, ಮೈನಸ್ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ದಿನ, ಮೈನಸ್ 23ರಲ್ಲಿ 10 ದಿನ, ಮೈನಸ್ 29ರಲ್ಲಿ 6 ದಿನ. ಅದರಿಂದ ಸಾಯುವುದು ಮಾಂಸಖಂಡದಲ್ಲಿ ಕೂರುವ ಟ್ರೈಕಿನೆಲ್ಲ ಸ್ಪೈರಾಲಿಸ್ ಎಂಬ ಹುಳು. ಕಾಡಿನ ಮಾಂಸಾಹಾರಿಗಳಲ್ಲಿ ಇರುವುದು ಅದರ ಅಣ್ಣತಮ್ಮಂದಿರು, ಮುಖ್ಯವಾಗಿ ಟ್ರೈಕಿನೆಲ್ಲ ನೇಟಿವ. ಅದು ಹಿಮಕ್ಕೆ ಒಗ್ಗಿದ ಹುಳು. 2022ರಲ್ಲಿ ಕೆನಡಾದ ಸಸ್ಕಾಚೆವಾನ್‌ನಿಂದ ತಂದ ಕರಡಿ ಮಾಂಸವನ್ನು 45 ದಿನ ಫ್ರೀಜರ್‌ನಲ್ಲಿಟ್ಟು, ಕಬಾಬ್ ಮಾಡಿ ತಿಂದ ಒಂದೇ ಕುಟುಂಬದ ಕೂಟದಲ್ಲಿ ಆರು ಜನರಿಗೆ ಟ್ರೈಕಿನೆಲ್ಲ ತಗುಲಿತು. ಅವರಲ್ಲಿ ಇಬ್ಬರು ಕರಡಿ ಮಾಂಸ ಮುಟ್ಟಿರಲಿಲ್ಲ, ಅದರ ಜೊತೆ ಬೆಂದ ತರಕಾರಿ ಮಾತ್ರ ತಿಂದಿದ್ದರು. ಕರಡಿ ಮಾಂಸದ ಬಣ್ಣವೇ ಕಡುಗೆಂಪು, ಬೆಂದಿದೆಯೋ ಇಲ್ಲವೋ ಕಣ್ಣಿಗೆ ತಿಳಿಯುವುದಿಲ್ಲ.

ಆದ್ದರಿಂದ ಕರಡಿ ಮಾಂಸ ಹಸಿಯಾಗಿ ಬೇಡವೇ ಬೇಡ, ಎಷ್ಟು ದಿನ ಫ್ರೀಜರ್‌ನಲ್ಲಿದ್ದರೂ. ಪೂಮಾ, ಕಾಡುಹಂದಿ ಮಾಂಸಕ್ಕೂ ಇದೇ ಮಾತು. ಹೊಗೆ ಹಾಕಿದ್ದು, ಉಪ್ಪು ಸವರಿ ಒಣಗಿಸಿದ್ದು, ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದ್ದು ಯಾವುದೂ ಲೆಕ್ಕಕ್ಕಿಲ್ಲ. ನೀವು ಮಾಂಸ ತಿನ್ನದ ಮನೆಯವರು, ಅದೇ ಚಾಕು, ಅದೇ ಹಲಗೆಯಲ್ಲಿ ತರಕಾರಿ ಹೆಚ್ಚುವುದನ್ನೂ ಯೋಚಿಸಿ. ನಾಯಿಯ ಮಾಂಸಕ್ಕೆ ಹಲಗೆ, ಚಾಕು, ಪಾತ್ರೆ ಬೇರೆಯೇ ಇರಲಿ.

ಎಲ್ಕ್, ಜಿಂಕೆಯಂಥ ಸೊಪ್ಪು ತಿನ್ನುವ ಪ್ರಾಣಿಯ ಮಾಂಸಖಂಡಕ್ಕೆ ಫ್ರೀಜರ್ ಚೆನ್ನಾಗಿ ಕೆಲಸ ಮಾಡುತ್ತದೆ. ಟಾಕ್ಸೊಪ್ಲಾಸ್ಮ, ನಿಯೊಸ್ಪೊರ ಎಂಬ ಏಕಕೋಶ ಪರಾವಲಂಬಿಗಳ ಗಂಟುಗಳು ಕೆಲವೇ ದಿನದಲ್ಲಿ ಸಾಯುತ್ತವೆ. ಟೀನಿಯಾದ ಗುಳ್ಳೆಗಳಿಗೆ ನ್ಯೂಜಿಲೆಂಡ್‌ನಲ್ಲಿ ನಾಯಿಗೆ ಹಾಕುವ ಕುರಿ ಮಾಂಸಕ್ಕಿರುವ ನಿಯಮ ಒಳ್ಳೆಯ ಅಳತೆ: ಮೈನಸ್ 10 ಅಥವಾ ಅದಕ್ಕಿಂತ ಕೆಳಗೆ, ಕನಿಷ್ಠ 10 ದಿನ.

ಕೆಡುವುದು ಎಲ್ಲಿ ಗೊತ್ತೇ? 6 ಕೆ.ಜಿ ಮಾಂಸವನ್ನು ಒಂದೇ ಮುದ್ದೆಯಾಗಿ ಚೀಲದಲ್ಲಿ ತುರುಕಿ ಫ್ರಿಜ್‌ನ ಮೇಲ್ಭಾಗದ ಪುಟ್ಟ ಫ್ರೀಜರ್‌ನಲ್ಲಿ ಇಟ್ಟಾಗ. ಹೊರಗೆ ಕಲ್ಲಾಗಿರುತ್ತದೆ, ನಡುಭಾಗ ಹೆಪ್ಪುಗಟ್ಟಲು ಎರಡು ದಿನವಾದರೂ ಹಿಡಿಯುತ್ತದೆ. ಬಾಗಿಲಿನ ಗೂಡು ಯಾವಾಗಲೂ ಬೆಚ್ಚಗೆ. ಅದರ ಬದಲು ಅರ್ಧ ಕೆ.ಜಿ ಒಂದೊಂದು ಚೀಲಕ್ಕೆ ಹಾಕಿ, ಅಂಗೈಯಲ್ಲಿ ತಟ್ಟಿ ಎರಡು ಬೆರಳು ದಪ್ಪಕ್ಕೆ ಚಪ್ಪಟೆ ಮಾಡಿ, ಗಾಳಿ ತೆಗೆದು, ಮೊದಲ ದಿನ ಒಂದರ ಮೇಲೊಂದು ಪೇರಿಸದೆ ಹರಡಿ ಇಡಿ. ಒಳಗೆ ಒಂದು ಥರ್ಮಾಮೀಟರ್ ಇರಲಿ, ಮೈನಸ್ 18 ತೋರಿಸಬೇಕು. ಚೀಲದ ಮೇಲೆ ತಾರೀಖು ಬರೆಯಿರಿ. ದಿನ ಎಣಿಸುವುದು ಪೂರ್ತಿ ಗಟ್ಟಿಯಾದ ಮರುದಿನದಿಂದ. ಕರೆಂಟ್ ಹೋಗಿ ಮೆತ್ತಗಾಗಿದ್ದರೆ ಮೊದಲಿನಿಂದ ಎಣಿಸಿ.

ಫ್ರೀಜರ್ ಸಾಲ್ಮೊನೆಲ್ಲ, ಇ.ಕೋಲಿಯಂಥ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೇ. ಎಕೈನೊಕಾಕಸ್‌ನ ಮೊಟ್ಟೆಯನ್ನಂತೂ ಮನೆಯ ಫ್ರೀಜರ್ ಮುಟ್ಟಲಾರದು, ಅದಕ್ಕೆ ಮೈನಸ್ 70, 80ರಲ್ಲಿ ದಿನಗಟ್ಟಲೆ ಇಡಬೇಕು. ಆ ಮೊಟ್ಟೆ ಇರುವುದು ತೋಳ, ಕೊಯೊಟೆ, ನಾಯಿಯ ಮಲದಲ್ಲಿ, ಮಾಂಸದೊಳಗಲ್ಲ. ಆದರೆ ಚರ್ಮ ಸುಲಿಯುವಾಗ ಪ್ರಾಣಿಯ ರೋಮಕ್ಕೆ ಅಂಟಿದ್ದು ಮಾಂಸಕ್ಕೆ ಬರಬಹುದು, ರೋಮ ಅಂಟಿದ ಚೂರುಗಳನ್ನು ತೆಗೆದುಬಿಡಿ.

ಇದು ಹುಳುವಿನ ವಿಷಯವಲ್ಲ, ಆದರೂ ಹೇಳಲೇಬೇಕು: ಬೇಟೆಗಾರರು ನಾಯಿಗೆಂದು ಕೊಡುವ ಚೂರು ಹೆಚ್ಚಾಗಿ ಗುಂಡು ತಗುಲಿದ ಜಾಗದ ಸುತ್ತಲಿನದು. ಸೀಸದ ಗುಂಡು ಒಳಗೆ ಒಡೆದು ಧೂಳಿನಷ್ಟು ಸಣ್ಣ ಚೂರುಗಳಾಗಿ ಒಂದು ಅಡಿಗಿಂತ ದೂರವೂ ಹರಡುತ್ತದೆ. ಕೈಗೆ ಸಿಗುವುದಿಲ್ಲ, ಬೇಯಿಸಿದರೆ ಹೋಗುವುದಿಲ್ಲ. ತಾಮ್ರದ ಗುಂಡೋ ಸೀಸದ್ದೋ ಎಂದು ಪಕ್ಕದ ಮನೆಯವರನ್ನು ಕೇಳಿ. ಸೀಸದ್ದಾದರೆ ರಕ್ತ ಹೆಪ್ಪುಗಟ್ಟಿದ ಚೂರುಗಳು ಬೇಡ.

---

ಪಶುವೈದ್ಯೆ_ಮಂಡ್ಯ

ಕಾಡಂಚು ಅವರು ಹೇಳಿದ್ದು ಸರಿ. ಆದರೂ ಬೆಳ್ಳಿಮೋಡ ಅವರಿಗೆ ನನ್ನ ಸಲಹೆ: ಮಗು ಇರುವ ಮನೆ, ಬೇಯಿಸಿಯೇ ಹಾಕಿ. ನಮ್ಮ ಎಲ್ಲರ ಮನೆಯಲ್ಲೂ ಕುಕ್ಕರ್ ಇದೆ. ಒಂದು ಹಳೆಯದನ್ನು ನಾಯಿಗೆಂದು ಮೀಸಲಿಡಿ. ಒಂದು ಇಂಚಿನ ತುಂಡು, ಮಾಂಸ ಮುಳುಗುವಷ್ಟು ನೀರು, ಸೀಟಿ ಬಂದ ಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಒಳಗೆ 120 ಡಿಗ್ರಿಯ ಹತ್ತಿರ ಹೋಗುತ್ತದೆ. ಹುಳು ಸಾಯಲು ಬೇಕಿರುವುದು ತುಂಡಿನ ನಡುವೆ 71 ಡಿಗ್ರಿ, ಕರಡಿಗೆ 74. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕಬೇಡಿ. ಬೆಂದ ರಸವನ್ನು ಅನ್ನಕ್ಕೆ ಕಲಸಿ ಕೊಡಿ, ಸತ್ವ ಹೋಯಿತೆಂಬ ಚಿಂತೆ ಬೇಡ. ಕುಕ್ಕರಿಗೆ ಮೂಳೆ ಮಾತ್ರ ಬೇಡ, ಬೆಂದ ಮೂಳೆ ಚೂಪಾಗಿ ಸೀಳಿ ಕರುಳು ಚುಚ್ಚುತ್ತದೆ.

ಲಿವರ್ ಬೇಯಿಸಿ ಕೊಡಬಹುದು, ದಿನಕ್ಕೆ ಊಟದ ಇಪ್ಪತ್ತರಲ್ಲಿ ಒಂದು ಪಾಲು ಸಾಕು, ಹೆಚ್ಚಾದರೆ ವಿಟಮಿನ್ ಎ ಮಿತಿಮೀರುತ್ತದೆ. ಗುಂಡಿಗೆ ಬೇಯಿಸಿ ಧಾರಾಳವಾಗಿ ಹಾಕಿ.

ಪ್ರಾಜಿಕ್ವಾಂಟೆಲ್ ಕೊಟ್ಟ ಮೇಲಿನ ಮೂರು ದಿನ ಜಾಗ್ರತೆ. ಔಷಧ ಹುಳುವನ್ನು ಕೊಲ್ಲುತ್ತದೆ, ಹುಳುವಿನೊಳಗೆ ಮೊಟ್ಟೆ ಇದ್ದರೆ ಅದನ್ನು ಕೊಲ್ಲುವುದಿಲ್ಲ. ಆ ದಿನಗಳ ಮಲವನ್ನು ಕೈಗವಸು ಹಾಕಿ ಎತ್ತಿ, ಕಟ್ಟಿ ಕಸಕ್ಕೆ. ಗೊಬ್ಬರದ ಗುಂಡಿಗೆ ಹಾಕಬೇಡಿ. ಬ್ಲೀಚ್, ಫಿನಾಯಿಲ್‌ಗೆ ಈ ಮೊಟ್ಟೆ ಬಗ್ಗುವುದಿಲ್ಲ, ಕುದಿಯುವ ನೀರಿಗೆ ಬಗ್ಗುತ್ತದೆ. ಮೂರನೇ ದಿನ ಸ್ನಾನ ಮಾಡಿಸಿ, ಬಾಲದ ಕೆಳಗೆ ಚೆನ್ನಾಗಿ ಉಜ್ಜಿ. ಮಲದಲ್ಲಿ ಸತ್ತ ಹುಳು ಕಾಣಲಿಲ್ಲವೆಂದು ಔಷಧ ಕೆಲಸ ಮಾಡಿಲ್ಲ ಎಂದುಕೊಳ್ಳಬೇಡಿ, ಅದು ಕರುಳಲ್ಲೇ ಕರಗಿಹೋಗುತ್ತದೆ. ಒಂದು ಡೋಸ್‌ನ ಶಕ್ತಿ ಒಂದೇ ದಿನ, ಮಾರನೇ ವಾರ ಮತ್ತೆ ಹಸಿ ತಿಂದರೆ ಮತ್ತೆ ಹೊಸದು.

ಇನ್ನೊಂದು. ನಿಮ್ಮ ನಾಯಿ ಹೊಲ, ಹಿತ್ತಲಲ್ಲಿ ಇಲಿ ಹಿಡಿದು ತಿನ್ನುವ ಪೈಕಿಯೇ? ಆಗಿದ್ದರೆ ಎಲ್ಕ್‌ಗಿಂತ ಅದೇ ದೊಡ್ಡ ಚಿಂತೆ. ಇಲಿ ಜಾತಿಯ ಪ್ರಾಣಿಗಳಲ್ಲಿ ಇರುವುದು ಎಕೈನೊಕಾಕಸ್ ಮಲ್ಟಿಲಾಕ್ಯುಲಾರಿಸ್, ಮನುಷ್ಯರ ಲಿವರ್‌ನಲ್ಲಿ ಅದು ಗಡ್ಡೆಯಂತೆ ಹಬ್ಬುತ್ತದೆ, ಚಿಕಿತ್ಸೆ ಕಷ್ಟ. ವಾಷಿಂಗ್ಟನ್‌ನಲ್ಲೂ ಇತ್ತೀಚೆಗೆ ಕಾಣಿಸಿಕೊಂಡಿದೆ. ಅದರ ಮೊಟ್ಟೆ ನಾಲ್ಕೇ ವಾರದಲ್ಲಿ ಬರುವುದರಿಂದ ಅಂಥ ನಾಯಿಗೆ ಪ್ರತಿ ನಾಲ್ಕು ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಬೇಕು. ತಿಂಗಳ ಮಾತ್ರೆಯನ್ನೇ ಮಿಲ್ಬೆಮೈಸಿನ್ ಜೊತೆ ಪ್ರಾಜಿಕ್ವಾಂಟೆಲ್ ಇರುವುದಕ್ಕೆ ಬದಲಾಯಿಸಿದರೆ ಎರಡೂ ಒಟ್ಟಿಗೆ ಆಗುತ್ತದೆ. ವೈದ್ಯರನ್ನು ಕೇಳಿ.

---

ಲ್ಯಾಬ್_ಕಿಟಕಿ

ಸಿಯಾಟಲ್ ಕಡೆಯವರೆಂದು ಓದಿ ಇದನ್ನು ಸೇರಿಸುತ್ತಿದ್ದೇನೆ. ಬೇಟೆಯವರು ಮೀನನ್ನೂ ಕೊಡುತ್ತಾರೆ. ಹಸಿ ಸಾಲ್ಮನ್, ಟ್ರೌಟ್, ಅದರ ತಲೆ, ಕರುಳು ಯಾವುದನ್ನೂ ನಾಯಿ ಬಾಯಿಗೆ ಬಿಡಬೇಡಿ. ಅದರಲ್ಲಿರುವ ಸಣ್ಣ ಚಪ್ಪಟೆಹುಳುವಿನೊಳಗೆ ನಿಯೊರಿಕೆಟ್ಸಿಯ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಉತ್ತರ ಕ್ಯಾಲಿಫೋರ್ನಿಯಾದಿಂದ ನಿಮ್ಮ ಕಡೆಯವರೆಗಿನ ಕರಾವಳಿಯ ಹೊಳೆಗಳೇ ಇದರ ತವರು. ತಿಂದ ಒಂದು ವಾರದ ಆಸುಪಾಸಿನಲ್ಲಿ ಜ್ವರ 40 ಡಿಗ್ರಿ ದಾಟುತ್ತದೆ, ಊಟ ಬಿಡುತ್ತದೆ, ವಾಂತಿ, ರಕ್ತ ಭೇದಿ, ದವಡೆಯ ಕೆಳಗಿನ ಗ್ರಂಥಿ ಊದುತ್ತದೆ. ಚಿಕಿತ್ಸೆ ಸಿಗದಿದ್ದರೆ ಹತ್ತರಲ್ಲಿ ಒಂಬತ್ತು ನಾಯಿ ಉಳಿಯುವುದಿಲ್ಲ. ಬೇಗ ಹೋದರೆ ಡಾಕ್ಸಿಸೈಕ್ಲಿನ್, ಪ್ರಾಜಿಕ್ವಾಂಟೆಲ್‌ನಿಂದ ಚೆನ್ನಾಗಿ ಗುಣವಾಗುತ್ತದೆ. ಹೊಳೆ ದಡದಲ್ಲಿ ಸತ್ತುಬಿದ್ದ ಮೀನು ತಿಂದಿತ್ತು ಎಂಬ ಒಂದು ಮಾತು ವೈದ್ಯರಿಗೆ ಹೇಳದೆ ಉಳಿದರೆ ಪಾರ್ವೊ (ನಾಯಿಗಳಿಗೆ ಬರುವ ವೈರಸ್ ಭೇದಿ) ಎಂದೇ ಚಿಕಿತ್ಸೆ ನಡೆಯುವ ಅಪಾಯವಿದೆ.

---

ತುಂಗಾತೀರ

ನಾನು ತೀರ್ಥಹಳ್ಳಿ ಕಡೆಯವನು. ನಮ್ಮಲ್ಲಿ ಕಾಡುಪ್ರಾಣಿ ಬೇಟೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಮಾಂಸ ಇಟ್ಟುಕೊಳ್ಳುವುದೂ ಅಪರಾಧ. ಆದರೆ ತೋಟದ ನಾಯಿಗಳು ಕಾಡಂಚಿನಲ್ಲಿ ಸತ್ತ ಹಂದಿ, ಮೊಲ ಎಳೆದು ತಿನ್ನುವುದನ್ನು ತಪ್ಪಿಸಲಾಗದು. ಜಾತ್ರೆ, ಹಬ್ಬಗಳಲ್ಲಿ ಕುರಿಯ ಬೇಡದ ಲಿವರ್, ಶ್ವಾಸಕೋಶವನ್ನು ನಾಯಿಗೆ ಎಸೆಯುವುದಂತೂ ಮಾಮೂಲು. ಇಲ್ಲಿ ಯಾವುದನ್ನು ಗಮನಿಸಬೇಕು?

---

ಪಶುವೈದ್ಯೆ_ಮಂಡ್ಯ

ಸರ್, ನಮ್ಮ ಕಡೆ ಕಾಡಿನ ಮಾಂಸಕ್ಕಿಂತ ನೀವು ಕೊನೆಗೆ ಹೇಳಿದ್ದೇ ದೊಡ್ಡದು. ನೀರುಗುಳ್ಳೆ ರೋಗದ ಸರಪಳಿ ನಮ್ಮಲ್ಲಿ ಕುರಿ, ದನ, ನಾಯಿಗಳ ನಡುವೆ ಸುತ್ತುತ್ತದೆ. ಕುರಿ ಕೊಯ್ಯುವವರು ಗುಳ್ಳೆ ಇರುವ ಲಿವರ್ ಕಂಡರೆ "ಇದು ಮಾರಲಾಗದು" ಎಂದು ಅದನ್ನೇ ನಾಯಿಗೆ ಎಸೆಯುತ್ತಾರೆ, ಎಲ್ಲಕ್ಕಿಂತ ಅಪಾಯದ ತುಂಡು ನೇರ ನಾಯಿಯ ಬಾಯಿಗೇ ಬೀಳುತ್ತದೆ. ಅಂಥದ್ದನ್ನು ಸುಡಬೇಕು, ಇಲ್ಲವೇ ಮೂರು ಅಡಿಗೂ ಆಳದಲ್ಲಿ ಹೂತು ಮೇಲೆ ಕಲ್ಲು ಹೇರಬೇಕು. ನಾಯಿಗೆ ಹಾಕಲೇಬೇಕೆಂದರೆ ಸಣ್ಣಗೆ ಹೆಚ್ಚಿ ಮುಕ್ಕಾಲು ಗಂಟೆ ಕುದಿಸಬೇಕು.

ಕಾಡುಹಂದಿ ವಿಷಯ: ಉತ್ತರಾಖಂಡದಲ್ಲಿ ಕಾಡುಹಂದಿ ಮಾಂಸದಿಂದ ಜನರಿಗೆ ಟ್ರೈಕಿನೆಲ್ಲ ಬಂದದ್ದು ದಾಖಲಾಗಿದೆ, ಹಾಗಾಗಿ ಭಾರತದಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ನಾಯಿಗೆ ಬಂದರೂ ಅದು ನಾಯಿಯ ಮಾಂಸಖಂಡದಲ್ಲೇ ಕೂರುತ್ತದೆ, ಮಲದಿಂದ ಮನೆಯವರಿಗೆ ಹರಡುವುದಿಲ್ಲ. ಲಾಡಿಹುಳು ಹರಡುತ್ತದೆ. ತೋಟದ ನಾಯಿಗಳಿಗೆ ಆರು ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆ ಕೊಡಿ. ಇಲ್ಲಿ ಸಿಗುವ ಮಿಶ್ರ ಮಾತ್ರೆಗಳಲ್ಲಿ ಸಾಮಾನ್ಯವಾಗಿ 50 ಮಿ.ಗ್ರಾಂ ಇರುತ್ತದೆ, ಹತ್ತು ಕೆ.ಜಿಗೆ ಒಂದು. ತೂಕ ಅಂದಾಜು ಮಾಡಬೇಡಿ. ನಾಯಿಯನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ.

ದನ ಸಾಕಿದವರು ಇನ್ನೊಂದು ನೆನಪಿಡಿ. ಹಸು ಕರು ಹಾಕಿದಾಗ ಬಿದ್ದ ಮಾಸು, ಕಂದು ಹಾಕಿದ ಕರು ನಾಯಿಗೆ ಸಿಗಬಾರದು. ನಿಯೊಸ್ಪೊರ ಅದರಿಂದ ನಾಯಿಗೆ, ನಾಯಿಯ ಮಲದಿಂದ ಹುಲ್ಲು, ನೀರಿಗೆ, ಅಲ್ಲಿಂದ ಮತ್ತೆ ಹಸುವಿಗೆ ಹೋಗಿ ಕಂದು ಹಾಕಿಸುತ್ತದೆ. ನಾಯಿಮರಿಗಳಲ್ಲಿ ಹಿಂಗಾಲು ಸೆಟೆದುಕೊಂಡು ಲಕ್ವ ಹೊಡೆಯುವುದೂ ಇದರಿಂದಲೇ. ಗಬ್ಬದ ನಾಯಿಗೆ, ಮರಿಗಳಿಗೆ ಹಸಿ ಮಾಂಸ ಯಾವ ಊರಲ್ಲೂ ಬೇಡ.

---

ಬೆಳ್ಳಿಮೋಡ

ಎಲ್ಲರಿಗೂ ಧನ್ಯವಾದ. ಶ್ವಾಸಕೋಶ ಕಸಕ್ಕೆ ಹೋಯಿತು. ಕರಡಿ ಮಾಂಸ ಬೇಡವೆಂದು ಹೇಳುತ್ತೇನೆ. ಔಷಧಕ್ಕೆ ವೈದ್ಯರ ಹತ್ತಿರ ಸಮಯ ತೆಗೆದುಕೊಂಡಿದ್ದೇನೆ. ಮೂಳೆ ಏನು ಮಾಡಲಿ? ಮಾಂಸ ಅಂಟಿರುವ ಕಾಲಿನ ಮೂಳೆಗಳು, ಬೇಯಿಸಬಾರದು ಎಂದಿರಿ.

---

ಕಾಡಂಚು

ಎಲ್ಕ್‌ನ ಕಾಲಿನ ಉದ್ದ ಮೂಳೆ ನಾಯಿಯ ಹಲ್ಲು ಮುರಿಯುವಷ್ಟು ಗಟ್ಟಿ, ದವಡೆಯ ಹಿಂಭಾಗದ ದೊಡ್ಡ ಹಲ್ಲು ಸೀಳುತ್ತದೆ. ಹಸಿಯಾದರೂ ಬೇಡ. ಗುಂಡಿನ ಚೂರು ಇಲ್ಲದ ಮೂಳೆಯಾದರೆ ದೊಡ್ಡ ಪಾತ್ರೆಯಲ್ಲಿ ಮೂರು ಗಂಟೆ ಕುದಿಸಿ, ಸೋಸಿ, ರಸ ಮಾತ್ರ ಇಟ್ಟುಕೊಳ್ಳಿ. ಮೂಳೆಯನ್ನು ಮುಚ್ಚಳ ಬಿಗಿಯಾಗಿರುವ ಕಸದ ಡಬ್ಬಕ್ಕೆ ಹಾಕಿ, ಅದೂ ಕಸದ ಗಾಡಿ ಬರುವ ದಿನ ಬೆಳಿಗ್ಗೆ. ಹಿಂದಿನ ರಾತ್ರಿಯೇ ಹೊರಗಿಟ್ಟರೆ ಕರಡಿ ಬಂದು ಡಬ್ಬ ಉರುಳಿಸುತ್ತದೆ.